ಬಂಡಿದಾರಿಗಾಗಿ ನಾನೇ ನಿಂತ ವರ್ಷ

ಕಳೆದ ವಾರ ಕಲಬುರಗಿಯ ಜೇವರ್ಗಿ ಕಾಲೋನಿಯ ಝೆರಾಕ್ಸ್ ಅಂಗಡಿಯಲ್ಲಿ ಮಗಳ ಅಂಕಪಟ್ಟಿಯ ಪ್ರತಿ ತೆಗೆಸುತ್ತಿದ್ದೆ. ಯಂತ್ರದಿಂದ ಹೊರಬಂದ ಹಾಳೆಗಳು ಅಂಗೈಗೆ ಬೆಚ್ಚಗೆ ತಾಗಿದವು. ಆ ಬಿಸಿ ಕಾಗದದ, ಒಂಚೂರು ಸುಟ್ಟಂಥ ವಾಸನೆ ಮೂಗಿಗೆ ಬಂದದ್ದೇ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಅಂಗಡಿಯವನು "ಎಷ್ಟು ಸೆಟ್ ಬೇಕ್ರಿ ಮೇಡಂ?" ಎಂದ. "ಮೂರು. ಕೋರ್ಟಿಗೊಂದು, ಎದುರಿನವರಿಗೊಂದು, ನನಗೊಂದು" ಎಂದುಬಿಟ್ಟೆ. ಮಗಳು ನಾಚಿಕೊಂಡು ನನ್ನ ಸೆರಗು ಜಗ್ಗಿದಳು. ಬಾಯಿಂದ ಬಂದ ಮಾತು ನನ್ನನ್ನು ನೇರ ಆ ವರ್ಷಕ್ಕೆ ಎಳೆದುಕೊಂಡು ಹೋಯಿತು. ಒಂದು ಮಿರಗ ಮಳೆಯಿಂದ, ಅಂದರೆ ಜೂನಿನ ಮೊದಲ ಮಳೆಯಿಂದ, ಮತ್ತೊಂದು ಮಿರಗ ಮಳೆಯವರೆಗೆ ನಾನು ಕೋರ್ಟಿನಲ್ಲಿ ನನಗೆ ನಾನೇ ವಕೀಲಳಾಗಿದ್ದ ವರ್ಷ ಅದು.

ನನ್ನದು ಇದೇ ಕಾಲೋನಿಯ ಒಂದು ದವಾಖಾನೆಯ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ. ಗಂಡ ಪ್ರಕಾಶ ಸಿಟಿ ಬಸ್ಸಿನ ಡ್ರೈವರ್. ಮನೆ ಗಾಜಿಪುರದಲ್ಲಿ. ತವರು ಕಮಲಾಪುರ. ಅಪ್ಪ ಜೀವಮಾನವಿಡೀ ಗೌಂಡಿ ಕೆಲಸ ಮಾಡಿ, ಮಂದಿಗೆಲ್ಲ ಮನೆ ಕಟ್ಟಿಕೊಟ್ಟು, ತನಗಾಗಿ ಎರಡೂವರೆ ಎಕರೆ ಕೆಂಪು ಮಣ್ಣಿನ ಹೊಲ ಕೊಂಡಿದ್ದ. ನಮ್ಮ ಓಣಿಯಲ್ಲಿ ಸ್ವಂತ ಹೊಲ ಮಾಡಿದ ಮೊದಲಿಗ ಅವನೇ. ಕಮಲಾಪುರದ ಕೆಂಪು ಬಾಳೆ ಹಚ್ಚಿದ. ಸತ್ತಾಗ ಅದೇ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದೆವು. ನಾನೊಬ್ಬಳೇ ಮಗಳು, ಹೊಲ ನನ್ನ ಹೆಸರಿಗೆ ಬಂತು. ಅವ್ವ ನಮ್ಮ ಜೊತೆ ಗಾಜಿಪುರಕ್ಕೆ ಬಂದಳು, ಆದರೆ ಬೇಸಾಯ ಬಿಡಲಿಲ್ಲ. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸು ಹಿಡಿದು ಹೋಗಿ, ಆಳುಗಳ ಜೊತೆ ದುಡಿದು, ಅಪ್ಪನ ಮಣ್ಣಿನ ಮೇಲೆ ಒಂದು ತಂಬಿಗೆ ನೀರು ಸುರಿದು ಬರುತ್ತಿದ್ದಳು.

ದೊಡ್ಡ ರಸ್ತೆಗೂ ನಮ್ಮ ಹೊಲಕ್ಕೂ ನಡುವೆ ಮಲ್ಕಣಗೌಡರ ಹೊಲ. ಅದರ ಅಂಚಿಗುಂಟ ಒಂದು ಬಂಡಿದಾರಿ. ಅಪ್ಪ ಹೊಲ ಕೊಳ್ಳುವ ಮೊದಲೂ ಇತ್ತು, ಅಪ್ಪನಿಗೆ ಮಾರಿದವರ ಅಪ್ಪನ ಕಾಲದಲ್ಲೂ ಇತ್ತು. ರಸ್ತೆ ಅಗಲವಾಯಿತು, ಜಮೀನಿನ ಬೆಲೆ ಏರಿತು, ಗೌಡರಿಗೆ ತಮ್ಮ ಹೊಲವನ್ನು ಪ್ಲಾಟು ಮಾಡುವ ಮನಸ್ಸಾಯಿತು. ಒಂದು ಸೋಮವಾರ ಅವ್ವ ಹೋದಾಗ ದಾರಿಯ ಬಾಯಿಗೆ ಕಬ್ಬಿಣದ ಗೇಟು, ಎರಡೂ ಬದಿಗೆ ಕಲ್ಲುಕಂಬ, ಮುಳ್ಳುತಂತಿ. ಕಾವಲಿಗೆ ಕೂತಿದ್ದವನು "ಹಳ್ಳದ ಕಡಿಂದ ಹೋಗ್ರಿ ಯಮ್ಮಾ" ಎಂದನಂತೆ. ಬೇಸಿಗೆಯಲ್ಲಿ ಹಳ್ಳ ಇಳಿದು ಹತ್ತಬಹುದು. ಮಳೆಗಾಲದಲ್ಲಿ ಅಲ್ಲಿ ಸೊಂಟಮಟ್ಟ ನೀರು. ಬಾಳೆಗೊನೆ ತುಂಬಿದ ಟ್ರ್ಯಾಕ್ಟರ್ ಯಾವ ಕಾಲದಲ್ಲೂ ಹೋಗುವುದಿಲ್ಲ.

ಮೊದಲು ಕೇಳಿದ ವಕೀಲರು "ಗೌಡ್ರು ನಮ್ಮ ಹಳೇ ಪಕ್ಷಗಾರ್ರು, ಆಗಂಗಿಲ್ಲ" ಎಂದರು. ಅವರದು ನ್ಯಾಯವಾದ ಮಾತು. ಎರಡನೆಯವರು ಕೇಸು ಹಾಕಿದರು, ಆಮೇಲೆ ಎರಡು ವರ್ಷ ಬರೀ ತಾರೀಖು ತಂದುಕೊಟ್ಟರು. ಹೋದಾಗೆಲ್ಲ "ಮುಂದಿನ ತಾರೀಖಿಗೆ ನೋಡೋಣು" ಎನ್ನುತ್ತಿದ್ದರು. ಮೂರು ಸಲ ನಾನು ರಜೆ ಹಾಕಿ ಹೋಗಿ ಕೂತರೂ ಅವರೇ ಬರಲಿಲ್ಲ.

ಮಿರಗ ಮಳೆ ಶುರುವಾದ ವಾರ ಅವ್ವ ತಲೆಯ ಮೇಲೆ ಗೊನೆ ಹೊತ್ತು ಹಳ್ಳ ದಾಟುವಾಗ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ನಮ್ಮದೇ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿಸಿದೆವು. ನೋವಿಗೆ ಅವಳು ಅಳಲಿಲ್ಲ. "ಗೊನಿ ಹರಕೊಂಡು ಹೋಯ್ತು ನೋಡು" ಎಂದಳು, ಅಷ್ಟೇ. ಅವತ್ತೇ ವಕೀಲರ ಆಫೀಸಿಗೆ ಹೋದೆ.

"ನನ್ನ ಫೈಲ್ ಕೊಡ್ರಿ ಸರ್."

"ಯಾರನ್ನ ಇಡ್ತೀ?"

"ಯಾರನ್ನೂ ಇಡಂಗಿಲ್ರಿ. ನಾನೇ ನಿಂದರ್ತೀನಿ."

ಅವರು ನಕ್ಕರು. ತಕರಾರಿಲ್ಲ ಎಂದು ಸಹಿ ಮಾಡಿ ಫೈಲು ಕೊಟ್ಟರು. ಆ ನಗುವಿಗೆ ನಾನು ಇವತ್ತಿಗೂ ಋಣಿ. ಅದು ಇಲ್ಲದಿದ್ದರೆ ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನ ಮನಸ್ಸು ಬದಲಾಗುತ್ತಿತ್ತೇನೋ.

ಮನೆಯಲ್ಲಿ ಪ್ರಕಾಶ ತಲೆ ಹಿಡಿದುಕೊಂಡ. "ರಕ್ತ ತೆಗಿಯಾಕಿ ನೀ. ಕಾನೂನ್ ಏನ್ ಗೊತ್ತದ ನಿನಗ?"

"ದಾರಿ ಗೊತ್ತದ" ಎಂದೆ.

ಆದರೆ ಬರೀ ದಾರಿ ಗೊತ್ತಿದ್ದರೆ ಸಾಲದು ಎನ್ನುವಷ್ಟು ಬುದ್ಧಿ ನನಗಿತ್ತು. ಫೋನಿನಲ್ಲಿ ವಕೀಲರನ್ನು ಹುಡುಕಿಕೊಡುವ ಒಂದು ಆ್ಯಪ್ ಇತ್ತು. ಅರ್ಧ ಗಂಟೆ ಮಾತಾಡಬಹುದು, ಅರ್ಜಿ ಬರೆಸಿಕೊಳ್ಳಬಹುದು. ಕೋರ್ಟಿಗೆ ಅವರು ಬರುವುದಿಲ್ಲ. ಮೊದಲು ಸಿಕ್ಕವರು ಎಲ್ಲೋ ದೂರದ ಊರಿನವರು, ಹಿಂದಿಯಲ್ಲಿ ಗಡಿಬಿಡಿಯಿಂದ ಮಾತಾಡಿ ಒಂದು ಅರ್ಜಿ ಕಳಿಸಿದರು. ಓದಿದರೆ ಅದರ ನಾಲ್ಕನೇ ಪ್ಯಾರಾದಲ್ಲಿ ಯಾರದೋ ನೀರಿನ ಟ್ಯಾಂಕು, ಯಾರದೋ ಅಣ್ಣ. ಬೇರೆಯವರ ಅರ್ಜಿಗೆ ನನ್ನ ಹೆಸರು ಹಚ್ಚಿದ್ದರು. ಸಾಲು ಸಾಲಾಗಿ ಓದದೆ ಸಹಿ ಹಾಕಿದ್ದರೆ ಕೋರ್ಟಿನಲ್ಲಿ ನಗೆಪಾಟಲಾಗುತ್ತಿದ್ದೆ. ಅವತ್ತಿನಿಂದ ಯಾರು ಬರೆದುಕೊಟ್ಟರೂ ಪ್ರತಿ ಸಾಲಿಗೂ ಬೆರಳಿಟ್ಟು ಓದುವುದನ್ನು ಕಲಿತೆ.

ಎರಡನೇ ಸಲ ಸಿಕ್ಕವರು ಮೈಸೂರಿನ ವೀಣಾ ಮೇಡಂ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲ್ಯಾಬಿನ ಫ್ರಿಜ್ಜಿನ ಪಕ್ಕ ಸ್ಟೂಲು ಹಾಕಿಕೊಂಡು ಅವರಿಗೆ ಕರೆ ಮಾಡಿದೆ.

"ಗೇಟ್ ಹಚ್ಚಿ ದಾರಿ ಬಂದ್ ಮಾಡ್ಯಾರ್ರಿ ಮೇಡಂ. ದಾರಿ ಬಾಜೂಕಿನ ಒಡ್ಡು ಒಡದು ಹಾಕ್ಯಾರ."

"ಸ್ವಲ್ಪ ನಿಧಾನವಾಗಿ ಹೇಳ್ತೀರಾ? ಒಡ್ಡು ಅಂದ್ರೆ ಬದೂನಾ?"

"ನೀವು ಬದು ಅಂತೀರೇನ್ರಿ? ಹಂಗಾದ್ರ ಬದು."

ಅವರು ನಕ್ಕರು, ನಾನೂ ನಕ್ಕೆ. ಆಮೇಲೆ ಇಪ್ಪತ್ತು ನಿಮಿಷ ಅವರು ಕೇಳಿದ ಪ್ರಶ್ನೆಗಳನ್ನು ನನ್ನ ವಕೀಲರು ಎರಡು ವರ್ಷದಲ್ಲಿ ಕೇಳಿರಲಿಲ್ಲ. ಗ್ರಾಮ ನಕ್ಷೆ ನೋಡಿದ್ದೀರಾ? ದಾರಿ ಎಷ್ಟು ಅಗಲ? ನೀವು ಗೌಡರನ್ನು ಕೇಳಿಕೊಂಡು ಓಡಾಡುತ್ತಿದ್ದಿರಾ, ಕೇಳದೆಯಾ?

"ಕೇಳೋದ್ಯಾಕ್ರಿ? ದಾರಿ ಅದ, ನಡದೀವಿ."

"ಈ ಮಾತನ್ನ ಗಟ್ಟಿಯಾಗಿ ಹಿಡ್ಕೊಳ್ಳಿ ಸುಜಾತಾ. ಇಡೀ ಕೇಸು ಇದೇ."

ನಕ್ಷೆಯ ದೃಢೀಕೃತ ಪ್ರತಿಗೆ ಅರ್ಜಿ ಹಾಕಿದೆ. ಕೈಗೆ ಬಂದ ದಿನ ಕಚೇರಿಯ ಹೊರಗಿನ ಕಟ್ಟೆಯ ಮೇಲೆಯೇ ಬಿಚ್ಚಿ ನೋಡಿದೆ. ರಸ್ತೆಯಿಂದ ಹೊರಟು ಗೌಡರ ಸರ್ವೆ ನಂಬರಿನ ಅಂಚು ಹಿಡಿದು ನಮ್ಮ ಹೊಲದವರೆಗೆ ತುಂಡು ಗೆರೆಗಳ ಎರಡು ಸಾಲು. ಬಂಡಿದಾರಿಯ ಗುರುತು ಅದು. ನಾನು, ಅಪ್ಪ, ಗೌಡರು ಯಾರೂ ಹುಟ್ಟುವ ಮೊದಲು ಯಾವನೋ ಸರ್ವೆಯವನು ಬಿಸಿಲಲ್ಲಿ ನಿಂತು ಬರೆದ ಗೆರೆ. ಅದರ ಮೇಲೆ ಬೆರಳಾಡಿಸಿದೆ. ಕಣ್ಣಲ್ಲಿ ನೀರು ಬಂತು. ನಕ್ಷೆಗೆ ತಾಗದಂತೆ ಮುಖ ಆಚೆ ತಿರುಗಿಸಿದೆ.

ಕೋರ್ಟಿನಲ್ಲಿ ನನ್ನ ಹೆಸರು ಕೂಗಿದ ಮೊದಲ ದಿನ ಎದ್ದು ಮುಂದೆ ಹೋಗಿ ನಿಂತೆ. ಕಪ್ಪು ಕೋಟುಗಳ ನಡುವೆ ನನ್ನದೊಂದು ಬಿಳಿ ಸೀರೆ. ವೀಣಾ ಮೇಡಂ ಕಳಿಸಿದ ಅಂಶಗಳು ಫೋನಿನಲ್ಲಿದ್ದವು. ತೆಗೆದು ಓದಲು ಹೋದೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಅಮ್ಮಾ, ಫೋನ್ ಒಳಗಿಡಿ" ಎಂದರು. ಒಳಗಿಟ್ಟೆ. ತಲೆ ಖಾಲಿಯಾಯಿತು. ಏನು ಹೇಳಬೇಕೆಂದು ತಿಳಿಯದೆ "ಸ್ಥಳಕ್ಕೆ ಬಂದು ನೋಡ್ರಿ ಸರ್, ದಾರಿ ಅಲ್ಲೇ ಅದ" ಎಂದೆ. ಯಾರೋ ಹಿಂದೆ ಕಿಸಕ್ಕೆಂದರು. "ಅದಕ್ಕೊಂದು ಅರ್ಜಿ ಕೊಡಬೇಕಮ್ಮಾ" ಎಂದರು ನ್ಯಾಯಾಧೀಶರು. ಮುಂದಿನ ತಾರೀಖಿಗೆ ಅರ್ಜಿ ತಂದೆ. ಫೋನು ಮನೆಯಲ್ಲಿ ಬಿಟ್ಟು, ಮಗಳ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡು ಬಂದಿದ್ದೆ.

ಎದುರು ವಕೀಲರು ವಯಸ್ಸಾದವರು, ಒಳ್ಳೆ ಕಂಠ. ಅರ್ಜಿ ನೋಡಿದ ಕೂಡಲೇ ಎದ್ದರು. "ಸ್ವಾಮಿ, ಇದು ಈಕೆ ಬರೆದದ್ದಲ್ಲ. ಹಿಂದೆ ಯಾರೋ ಕೂತು ಬರೆಸುತ್ತಿದ್ದಾರೆ. ಯಾರೆಂದು ಹೇಳಲಿ."

ಕೋರ್ಟು ನನ್ನ ಕಡೆ ತಿರುಗಿತು. ನಾನು ಮುಚ್ಚಿಡುವುದೇನಿತ್ತು? "ಬರಸ್ಕೊಂಡೀನ್ರಿ. ಆನ್‌ಲೈನ್ ವಕೀಲರ ಕಡಿಂದ, ಫೀ ಕೊಟ್ಟು. ಬರದವ್ರು ಅವ್ರು, ನಿಂತಾಕಿ ನಾ. ಇದ್ರಾಗಿನ ಯಾವ ಸಾಲ್ ಬೇಕಾದ್ರೂ ಕೇಳ್ರಿ, ಅರ್ಥ ಹೇಳ್ತೀನಿ."

ನ್ಯಾಯಾಧೀಶರು ನಿಜವಾಗಿಯೂ ಕೇಳಿದರು. ಮೂರನೇ ಪ್ಯಾರಾ. ನಾನು ಹೇಳಿದೆ: ಸ್ಥಳದಲ್ಲಿ ದಾರಿಯ ಗುರುತು ಅಳಿಸಿಹಾಕುವ ಭಯ ಇದೆ, ಅದಕ್ಕೆ ಮುಂಚೆ ಕೋರ್ಟಿನ ಪರವಾಗಿ ಒಬ್ಬ ಕಮಿಷನರ್ ಬಂದು ನೋಡಿ ವರದಿ ಕೊಡಬೇಕು. ಅವರು ತಲೆಯಾಡಿಸಿ ಅರ್ಜಿ ಮಂಜೂರು ಮಾಡಿದರು.

ಶ್ರಾವಣದ ಜಿಟಿಜಿಟಿಯಲ್ಲಿ ಕಮಿಷನರ್ ಬಂದರು. ಸಣ್ಣ ವಯಸ್ಸಿನ ವಕೀಲರೊಬ್ಬರು, ಜೊತೆಗೆ ಸರ್ವೆಯರ್. ಎರಡು ದಿನ ಮೊದಲೇ ಗೌಡರ ಕಡೆಯವರು ದಾರಿಗೆ ಟ್ರ್ಯಾಕ್ಟರ್ ಹೊಡೆದು ನೇಗಿಲ ಸಾಲು ಮೂಡಿಸಿದ್ದರು. ಆದರೆ ತಲೆಮಾರುಗಳ ಬಂಡಿಗಾಲಿ ತುಳಿದ ನೆಲ ಅಷ್ಟು ಸುಲಭಕ್ಕೆ ಹೊಲವಾಗುವುದಿಲ್ಲ. ಪಕ್ಕದ ಮಣ್ಣು ಪುಡಿಪುಡಿಯಾಗಿ ಬಿರಿದಿದ್ದರೆ, ದಾರಿಯ ಮಣ್ಣು ಹೆಂಟೆಹೆಂಟೆಯಾಗಿ ಎದ್ದು ನಿಂತಿತ್ತು. ನಮ್ಮ ಒಡ್ಡಿನಲ್ಲಿ ಬಂಡಿ ಒಳಗೆ ಬರಲೆಂದು ಅಪ್ಪ ಎರಡೂ ಕಡೆ ಕಲ್ಲು ಕಟ್ಟಿ ಬಿಟ್ಟಿದ್ದ ಕಿಂಡಿ ಹಾಗೇ ಇತ್ತು. ಗೌಂಡಿಯ ಕೈಕೆಲಸ, ಒಂದು ಕಲ್ಲೂ ಅಲುಗಿರಲಿಲ್ಲ. ಸರ್ವೆಯರ್ ಟೇಪು ಹಿಡಿದ. ನಕ್ಷೆಯಲ್ಲಿದ್ದ ದಾರಿಯ ಅಗಲ, ಕಿಂಡಿಯ ಅಗಲ ಒಂದೇ. ಅವ್ವ ಪ್ಲಾಸ್ಟರಿನ ಕೈ ಎದೆಗೆ ಕಟ್ಟಿಕೊಂಡು ಮಳೆಯಲ್ಲಿ ನಿಂತಿದ್ದಳು. ಕೊಡೆ ಹಿಡಿಯಲು ಹೋದರೆ "ಹಿಡಿಬ್ಯಾಡ, ನನಗ ನೋಡ್ಲಿಕ್ಕೆ ಬಿಡು" ಎಂದಳು.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಮಲ್ಕಣಗೌಡರು ಲ್ಯಾಬಿಗೇ ಬಂದರು. ಕೈಯಲ್ಲಿ ಡಾಕ್ಟರರ ಚೀಟಿ, ಸಕ್ಕರೆ ಪರೀಕ್ಷೆಗೆ. ಊರಲ್ಲಿ ಎಷ್ಟು ಲ್ಯಾಬಿಲ್ಲ! ಬೇಕೆಂದೇ ಬಂದಿದ್ದರು. ಕುರ್ಚಿಯಲ್ಲಿ ಕೂತು ತೋಳು ಚಾಚಿದರು.

"ಮುಷ್ಟಿ ಬಿಗಿ ಮಾಡ್ರಿ" ಎಂದೆ.

ಅವರು ಮುಷ್ಟಿ ಬಿಗಿ ಮಾಡಿ, "ನೋಡವ್ವಾ, ನಿಮ್ಮಪ್ಪ ನಮಗ ಬೇಕಾದಂವ ಇದ್ದ. ನಮ್ಮನಿ ಕಟ್ಯಾನ. ಕೋರ್ಟು ಕಚೇರಿ ನಿನಗ್ಯಾಕ ಬೇಕು? ಗೇಟ್ ಇರ್ಲಿ, ಒಂದು ಕೀಲಿ ನಿಮಗೂ ಕೊಡ್ತೀನಿ. ಯಾವಾಗ್ ಬೇಕಾದ್ರೂ ಹೋಗ್ರಿ ಬರ್ರಿ. ಗೌಡ್ರು ಅನುಮತಿ ಕೊಟ್ಟಾರ ಅಂತ ಒಂದ್ ಕಾಗದಕ್ಕ ಸಹಿ ಮಾಡು, ಮುಗೀತು" ಎಂದರು.

ಸೂಜಿ ಚುಚ್ಚಿದೆ. ರಕ್ತ ತುಂಬಿಕೊಂಡಿತು. "ಮುಷ್ಟಿ ಬಿಡ್ರಿ" ಎಂದು ಹತ್ತಿ ಒತ್ತಿದೆ. "ರಿಪೋರ್ಟ್ ಸಂಜಿಗಿ ಬರ್ತದ. ಉತ್ತರ ಕೋರ್ಟ್‌ನಾಗ ಕೊಡ್ತೀನಿ."

ಮನೆಯಲ್ಲಿ ಪ್ರಕಾಶ ಒಪ್ಪಿಕೊಳ್ಳೋಣ ಎಂದ. ಅವನದು ತಪ್ಪಲ್ಲ. ನಾನು ರಜೆಯೆಲ್ಲ ಮುಗಿಸಿ ಸಂಬಳ ಕಡಿತದಲ್ಲಿದ್ದೆ, ಅವನು ಡ್ಯೂಟಿ ಮುಗಿಸಿ ಬಂದು ರೊಟ್ಟಿ ಬಡಿಯುತ್ತಿದ್ದ. "ದಾರಿ ಸಿಕ್ಕರ ಸಾಕಲ್ಲ ಸುಜಿ, ಕಾಗದದಾಗ ಏನ್ ಬರದ್ರ ಏನು?" ಎಂದ. ವೀಣಾ ಮೇಡಂಗೆ ಕೇಳಿದೆ. ಅವರ ಉತ್ತರ ಚುಟುಕಾಗಿತ್ತು. "ಅನುಮತಿ ಅನ್ನೋ ಪದಕ್ಕೆ ಸಹಿ ಹಾಕಿದ ದಿನ ನಿಮ್ಮ ಹಕ್ಕು ಹೋಯ್ತು. ಕೊಟ್ಟವರು ನಾಳೆ ವಾಪಸ್ ತಗೋಬಹುದು. ಆದ್ರೆ ತೀರ್ಮಾನ ನಿಮ್ದು, ಅಲ್ಲಿ ಬದುಕೋರು ನೀವು."

ಅವ್ವ ಕೊನೆಗೆ ಹೇಳಿದಳು: "ನಿಮ್ಮಪ್ಪ ಆ ಹೊಲ ಕೊಂಡದ್ದು ಯಾರಿಗೂ ಕೇಳಬಾರದು ಅಂತ. ನನ್ನ ಗಂಡನ ಮಣ್ಣಿಗಿ ನೀರ್ ಹಾಕ್ಲಿಕ್ಕಿ ನಾ ಗೌಡನ ಕೀಲಿ ಹಿಡಕೊಂಡು ಹೋಗ್ಲಾ?"

ಪ್ರಕಾಶ ಎದ್ದು ಹೋಗಿ ಒಲೆ ಹಚ್ಚಿದ. ಆ ಮಾತು ಅವನು ಮತ್ತೆ ಎತ್ತಲಿಲ್ಲ.

ಚಳಿಗಾಲದಲ್ಲಿ ಸಾಕ್ಷಿಗಳು ಶುರುವಾದವು. ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಎದುರು ವಕೀಲರು ಒಂದು ತಾಸು ಕೆದಕಿದರು. "ನೀವು ಗಾಜಿಪುರದಲ್ಲಿ ಇರುತ್ತೀರಿ, ನೌಕರಿ ಮಾಡುತ್ತೀರಿ, ಕಮಲಾಪುರದ ದಾರಿ ನಿಮಗೇಕೆ?" ಎಂದರು. "ನೀವು ಸಿಟಿಯೊಳಗ ಖೂಬಾ ಪ್ಲಾಟ್‌ನಾಗ ಇರ್ತೀರಿ, ನಿಮ್ಮೂರಿನ ಹೊಲಕ್ಕ ಹಾರಿ ಹೋಗ್ತೀರೇನ್ರಿ?" ಎಂದೆ. ನ್ಯಾಯಾಧೀಶರು ಮೇಜು ಕುಟ್ಟಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ಗದರಿದರು. ಅವರು ಗದರಿದ್ದು ಸರಿಯೇ.

ಗೌಡರ ಮುಖ್ಯ ಸಾಕ್ಷಿ ಭೀಮಶಾ. ಗೌಡರ ಹೊಲದಲ್ಲೇ ದುಡಿದು, ಅವರ ಜಾಗದ ಒಂದು ಕೋಣೆಯಲ್ಲೇ ಬದುಕಿದ ಮುದುಕ. ಅಪ್ಪನ ಗೆಳೆಯ. ನಾನು ಹುಟ್ಟಿದಾಗಿನಿಂದ ಅವನಿಗೆ ಕಾಕಾ ಎನ್ನುತ್ತೇನೆ. "ಆ ಜಾಗದಲ್ಲಿ ಯಾವತ್ತೂ ದಾರಿ ಇರಲಿಲ್ಲ" ಎಂಬ ಪ್ರಮಾಣಪತ್ರಕ್ಕೆ ಅವನ ಹೆಬ್ಬೆಟ್ಟು ಬಿದ್ದಿತ್ತು. ಅವನನ್ನು ಪಾಟೀಸವಾಲು ಮಾಡಬೇಕಾದವಳು ನಾನೇ. ವೀಣಾ ಮೇಡಂ ಹನ್ನೊಂದು ಪ್ರಶ್ನೆ ಬರೆದುಕೊಟ್ಟಿದ್ದರು. ಜೊತೆಗೆ ಒಂದು ಎಚ್ಚರಿಕೆ: "ಉತ್ತರ ನಿಮಗೆ ಗೊತ್ತಿರೋ ಪ್ರಶ್ನೆ ಮಾತ್ರ ಕೇಳಿ. ಯಾಕೆ ಅಂತ ಯಾವತ್ತೂ ಕೇಳ್ಬೇಡಿ."

ಹನ್ನೊಂದೂ ಕೇಳಿದೆ. ಭೀಮಶಾ ಕಾಕಾ ನೆಲ ನೋಡುತ್ತ "ಗೊತ್ತಿಲ್ರಿ", "ನೆನಪಿಲ್ರಿ" ಎನ್ನುತ್ತ ಹೋದ. ನನಗೂ ರೀ ಹಚ್ಚಿ ಮಾತಾಡುತ್ತಿದ್ದ, ಅದೇ ಚುಚ್ಚುತ್ತಿತ್ತು. ನೋಟ್‌ಬುಕ್ಕು ಮುಚ್ಚಿದೆ. ಇನ್ನೇನು ಕೂರಬೇಕು. ಕೂರಲಿಲ್ಲ.

"ಕಾಕಾ, ನಮ್ಮಪ್ಪನ ಮಣ್ಣಿಗಿ ಬಂದಿದ್ರಿ?"

"ಬಂದಿದ್ದೆ."

"ಹೆಗಲು ಕೊಟ್ರಿ?"

"ಕೊಟ್ಟೀನಿ." ದನಿ ಸಣ್ಣದಾಯಿತು.

"ರಸ್ತೆಯಿಂದ ನಮ್ಮ ಹೊಲದ ತನಕ ಹೊತ್ತೀರಿ. ನಾ ನಿಮ್ಮ ಹಿಂದೇ ಇದ್ದೆ. ಯಾವ ದಾರಿಲಿಂದ ಹೊತ್ತೊಯ್ದ್ರಿ?"

ಎದುರು ವಕೀಲರು ಆಕ್ಷೇಪಣೆ ಎಂದರು. ನ್ಯಾಯಾಧೀಶರು ಕೈಯೆತ್ತಿ ಅವರನ್ನು ಕೂರಿಸಿದರು. ಕಾಕಾ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದ.

"ಬಂಡಿದಾರಿಲಿಂದವ್ವಾ. ಮತ್ತೆಲ್ಲಿಂದ? ಬ್ಯಾರೆ ದಾರಿ ಎಲ್ಲದ?"

ಟೈಪು ಮಾಡುತ್ತಿದ್ದವರ ಬೆರಳು ಒಂದು ಕ್ಷಣ ನಿಂತು ಮತ್ತೆ ಓಡಿತು. ನಾನು ಕೂತೆ. ಗೆದ್ದ ಖುಷಿ ಆಗಲಿಲ್ಲ. ಮರುವಾರವೇ ಗೌಡರು ಅವನನ್ನು ಕೆಲಸದಿಂದ ತೆಗೆದರು, ಕೋಣೆಯನ್ನೂ ಖಾಲಿ ಮಾಡಿಸಿದರು. ನನ್ನ ಪ್ರಶ್ನೆಗೆ ಅವನು ತೆತ್ತ ಬೆಲೆ ಅದು. ಅವ್ವ ಹೋಗಿ ಕರೆದಾಗ ಎರಡು ತಿಂಗಳು ಬರಲಿಲ್ಲ. ಆಮೇಲೆ ಒಂದು ದಿನ ತಾನಾಗಿಯೇ ಹಳ್ಳ ದಾಟಿ ಬಂದು ಬಾಳೆಯ ಕಂದು ಕಡಿಯಲು ಶುರು ಮಾಡಿದ. ಈಗ ನಮ್ಮ ಹೊಲ ನೋಡಿಕೊಳ್ಳುವವನು ಅವನೇ. ನಾನು ಕ್ಷಮೆ ಕೇಳಲು ಹೋದಾಗ "ಖರೇ ಹೇಳೀನಿ, ಬಿಡು" ಎಂದ. ಅಷ್ಟೇ ನಮ್ಮ ನಡುವೆ ಆದ ಮಾತು.

ಯುಗಾದಿಯ ಮೇಲೆ ತೀರ್ಪು ಬಂತು. ನ್ಯಾಯಾಧೀಶರು ಓದಿದ್ದು ಕೊನೆಯ ನಾಲ್ಕು ಸಾಲು ಮಾತ್ರ. ದಾರಿ ಇದೆ, ವಾದಿಗೆ ಅದರ ಮೇಲೆ ಹಕ್ಕಿದೆ, ಗೇಟು ತೆಗೆಯಬೇಕು. ನನಗೆ ಕಿವಿ ಮುಚ್ಚಿದಂತಾಗಿ, ಪಕ್ಕದಲ್ಲಿದ್ದ ಗುಮಾಸ್ತನನ್ನು "ಆಯ್ತೇನ್ರಿ?" ಎಂದು ಕೇಳಿದೆ. "ಆಯ್ತು ಮೇಡಂ" ಎಂದ. ಹೊರಗೆ ಎದುರು ವಕೀಲರು ನನ್ನನ್ನು ದಾಟಿ ಹೋಗುವಾಗ ನಿಂತು, "ಕಾನೂನ್ ಓದಬೇಕಿತ್ತು ನೀ" ಎಂದರು. ನಲವತ್ತೊಂದನೇ ವಯಸ್ಸಿನಲ್ಲಿ ಅದನ್ನು ಹೊಗಳಿಕೆ ಎಂದೇ ಇಟ್ಟುಕೊಂಡೆ.

ಗೌಡರು ಗೇಟು ತೆಗೆಯಲಿಲ್ಲ. ಮತ್ತೆ ಅರ್ಜಿ ಹಾಕಿದೆ. ಕೊನೆಗೆ ಕೋರ್ಟಿನ ಅಮೀನರು ಬಂದು, ಗ್ಯಾಸ್ ಕಟರಿನಿಂದ ಕತ್ತರಿಸಿ ಅದನ್ನು ಮಲಗಿಸಿದರು. ಮರುದಿನ ಬಾಡಿಗೆಗೆ ಟ್ರ್ಯಾಕ್ಟರ್ ಹಿಡಿದೆವು. ಮಟಮಟ ಮಧ್ಯಾಹ್ನ, ಎಲ್ಲರೂ ನೋಡಲೆಂದೇ. ಸ್ಟೀರಿಂಗಿನಲ್ಲಿ ಪ್ರಕಾಶ, ಪಕ್ಕದಲ್ಲಿ ಅವ್ವ, ಹಿಂದೆ ಗೊನೆಗಳ ಮೇಲೆ ನಾನು. ಬಸ್ಸು ಓಡಿಸುವವನಿಗೆ ನಿಧಾನ ಬರುವುದಿಲ್ಲ. ಆದರೆ ಅವತ್ತು ಅವನು ಮೊದಲ ಗೇರಿನಲ್ಲೇ, ಹಾರನ್ ಒತ್ತುತ್ತ, ಆ ಅರ್ಧ ಕಿಲೋಮೀಟರನ್ನು ಹತ್ತು ನಿಮಿಷ ಓಡಿಸಿದ. ಗೌಡರು ತಮ್ಮ ಶೆಡ್ಡಿನ ನೆರಳಿನಲ್ಲಿ ನಿಂತಿದ್ದರು. ನಾನು ಮುಖ ತಿರುಗಿಸಲಿಲ್ಲ. ಅವರೇ ತಿರುಗಿಸಿದರು.

ವೀಣಾ ಮೇಡಂಗೆ ಫೋಟೊ ಕಳಿಸಿದೆ. ಆ ದಾರಿಯನ್ನು ಅವರು ನೋಡಿದ್ದು ಅದೇ ಮೊದಲು. "ಇಷ್ಟು ಕಿರಿದಾ?" ಎಂದು ಬರೆದರು. "ನಮಗ ಸಾಕ್ರಿ" ಎಂದು ಉತ್ತರಿಸಿದೆ.

ಅದಾಗಿ ಕೆಲವು ತಿಂಗಳಿಗೆ ಅಪೀಲಿನ ನೋಟಿಸು ಬಂತು. ಗೌಡರು ಮೇಲಿನ ಕೋರ್ಟಿಗೆ ಹೋಗಿದ್ದಾರೆ. ಹೋಗಲಿ. ವಿಷಯ ತಿಳಿದು ವೀಣಾ ಮೇಡಂ ಕರೆ ಮಾಡಿದರು. "ಈ ಸಲ ನಾನೇ ಕಲಬುರಗಿಗೆ ಬರ್ತೀನಿ ಸುಜಾತಾ. ರಾತ್ರಿ ರೈಲು ಹತ್ತಿದ್ರೆ ಆಯ್ತು. ಅಪೀಲಲ್ಲಿ ನಿಮ್ಮ ಪರ ನಾನು ವಾದ ಮಾಡ್ತೀನಿ."

ಒಂದು ಸಲವೂ ಎದುರುಬದುರು ಕಾಣದ ಹೆಣ್ಣುಮಗಳು ಅಷ್ಟು ದೂರದಿಂದ ಬರುತ್ತೇನೆ ಎನ್ನುತ್ತಿದ್ದಾಳೆ.

"ಬರ್ರಿ ಮೇಡಂ, ನಮ್ಮನ್ಯಾಗೇ ಇರ್ರಿ" ಎಂದೆ. "ಅವ್ವ ರೊಟ್ಟಿ ಮಾಡ್ತಾಳ. ಕೋರ್ಟ್‌ನಾಗ ನನ್ನ ಬಾಜೂಕ ಕುಂದರ್ರಿ, ನಾ ತಪ್ಪಿದ್ರ ಸೆರಗು ಜಗ್ರಿ. ಆದ್ರ ಮಾತಾಡೋದು ನಾನೇ."